ನೇರಳೆ ಹೆಂಡದ ಮೂರನೆಯ ಗುಟುಕು

ಬಹಳ ಬಹಳ ಹಿಂದೆ, ಹಕ್ಕಿಗಳೂ ದಾರಿ ಕೇಳಿಕೊಂಡು ಹಾರುತ್ತಿದ್ದ ಕಾಲದಲ್ಲಿ, ನೇರಳಾವತಿ ಎಂಬ ರಾಜ್ಯವೊಂದಿತ್ತು. ಆ ರಾಜ್ಯದವರ ಹೆಮ್ಮೆ ಕೋಟೆಯಲ್ಲ, ಆನೆಯಲ್ಲ, ನೇರಳೆ ಹೆಂಡ. ಮೊಳಕೆ ಬಂದ ರಾಗಿಯನ್ನು ಒಣಗಿಸಿ, ಹುರಿದು, ಬೀಸಿ, ಬೇಯಿಸಿ ದೊಡ್ಡ ಮಣ್ಣಿನ ಗುಡಾಣಕ್ಕೆ ತುಂಬುವರು. ಅದಕ್ಕೆ ಕಿವುಚಿದ ನೇರಳೆಹಣ್ಣು ಸುರಿದು, ಹೆಪ್ಪು ಹಾಕಿ, ಬಾಯಿಗೆ ಬಟ್ಟೆ ಕಟ್ಟುವರು. ಒಳಗೆ ಅದು ಗುಳುಗುಳು ಎಂದು ಉಕ್ಕಿ, ನೊರೆಯೆದ್ದು, ಹುಳಿಯಾಗಿ, ನಲವತ್ತನೆಯ ದಿನಕ್ಕೆ ಹದಕ್ಕೆ ಬರುವುದು. ಊರಿನ ಎಲ್ಲ ಗುಡಾಣಗಳಿಗೂ ಹೆಪ್ಪು ಹೋಗುತ್ತಿದ್ದದ್ದು ಒಂದೇ ಗುಡಾಣದಿಂದ. ಅದನ್ನು ತಾಯಿಗುಡಾಣ ಎಂದು ಕರೆಯುತ್ತಿದ್ದರು.

ಹೆಂಡ ಹದಕ್ಕೆ ಬಂತೋ ಕೆಟ್ಟಿತೋ ಎಂದು ಹೇಳುವ ರುಚಿಗಾರತಿಯ ಹೆಸರು ಹೊನ್ನಾಜಿ. ಅವಳು ಹೇಳಿದ್ದೇ ಕಡೆಯ ಮಾತು, ದೊರೆಯೂ ಎದುರಾಡುವಂತಿರಲಿಲ್ಲ. ಆದರೆ ಆ ಮಾತಿಗೊಂದು ಕಟ್ಟಳೆ ಇತ್ತು. ಮೂರು ಗುಟುಕು ಕುಡಿಯುವ ತನಕ ರುಚಿಗಾರತಿ ಬಾಯಿ ಬಿಡಬಾರದು, ಯಾಕೆಂದರೆ ಹುಳಿಹೆಂಡದ ಮೊದಲ ಗುಟುಕು ಎಂಥವರಿಗೂ ಮೋಸ ಮಾಡುತ್ತದೆ. ಇನ್ನೊಂದು ಕಟ್ಟಳೆ ಅದಕ್ಕಿಂತ ಕಠಿಣ. ಒಮ್ಮೆ ಕೊಟ್ಟ ಮಾತನ್ನು ರುಚಿಗಾರತಿ ಹಿಂದಕ್ಕೆ ತೆಗೆದುಕೊಂಡರೆ, ಅವಳ ನಾಲಿಗೆಗೆ ಮತ್ತೆಂದೂ ಯಾವ ರುಚಿಯೂ ತಿಳಿಯದು.

ಒಂದು ಮಧ್ಯಾಹ್ನ ಹೊನ್ನಾಜಿ ಒಲೆಯ ಮೇಲೆ ಹುರುಳಿಸಾರು ಇಟ್ಟಿದ್ದಳು. ಅದು ಉಕ್ಕುವ ಹೊತ್ತಿಗೆ ಸರಿಯಾಗಿ ಮುದುಕನೊಬ್ಬ ಬಾಗಿಲಿಗೆ ಬಂದು ನಿಂತ.

"ತಾಯೀ, ಆ ಮೂಲೆ ಗುಡಾಣದ್ದು ಹೆಂಗೈತೆ ಒಸಿ ರುಚಿ ನೋಡಿ ಹೇಳವ್ವ" ಅಂದ.

ಮೂಲೆಯಲ್ಲಿದ್ದದ್ದು ತಾಯಿಗುಡಾಣ. ಕೇಳಿದವರಿಗೆ ಇಲ್ಲ ಅನ್ನುವ ಪದ್ಧತಿ ಆ ಮನೆಯಲ್ಲಿರಲಿಲ್ಲ. ಒಂದು ಕಣ್ಣು ಒಲೆಯ ಮೇಲಿಟ್ಟುಕೊಂಡೇ ಹೊನ್ನಾಜಿ ಬಟ್ಟೆ ಬಿಚ್ಚಿ ಒಂದು ಗುಟುಕು ಕುಡಿದಳು. ಹುಳಿ ಎರಡೂ ದವಡೆಯನ್ನು ಹಿಂಡಿಬಿಟ್ಟಿತು.

"ಥೂ, ಕೆಟ್ಟೋಗೈತೆ ಕಣಜ್ಜ! ಬೇಕಾದ್ರೆ ಹೊತ್ಕೊಂಡೋಗು" ಅಂದು ಸಾರಿನ ಕಡೆ ಓಡಿದಳು.

ಕೆಟ್ಟ ಹೆಂಡ ಹೊತ್ತುಕೊಂಡು ಹೋದವನ ಪಾಲು ಎಂಬುದು ಅಲ್ಲಿಯ ಪದ್ಧತಿ. ಮುದುಕ ಆಳೆತ್ತರದ ಗುಡಾಣವನ್ನು ಸೋರೆಬುರುಡೆ ಎತ್ತಿದ ಹಾಗೆ ಒಂದೇ ಕೈಯಲ್ಲಿ ಎತ್ತಿಕೊಂಡು ಹೊರಟ. ಅವನು ಮುದುಕನಲ್ಲ, ಮೂಗಬೆಟ್ಟದ ಮಾಯಗಾರ ಹುತ್ತಯ್ಯ. ಅಂಗಳದಲ್ಲಿ ಹುತ್ತದ ಕೆಂಪು ಮಣ್ಣಿನ ಹೆಜ್ಜೆ ಕಂಡಾಗಲೇ ಹೊನ್ನಾಜಿಗೆ ಅದು ತಿಳಿದದ್ದು.  ತಪ್ಪು ತನ್ನದೆಂದು ಯಾರಿಗೂ ಹೇಳಲಿಲ್ಲ. ಗುಡಾಣ ಕಳುವಾಯಿತು ಎಂದಷ್ಟೇ ಹೇಳಿದಳು.

ಹುತ್ತಯ್ಯ ಗುಡಾಣದೊಳಗೆ ಹೆಂಡವನ್ನು ಗುಳುಗುಳು ಎನಿಸುತ್ತಿದ್ದ ಉಕ್ಕನ್ನು ಮಂತ್ರ ಹಾಕಿ ತೆಗೆದು ನೇರಳಾವತಿಯ ಜನರ ಮೈಯೊಳಕ್ಕೆ ಬಿಟ್ಟ. ಗುಡಾಣ ಸುಮ್ಮನಾಯಿತು, ಜನ ಕುದಿಯತೊಡಗಿದರು. ಯಾರಿಗೂ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ತಿಮ್ಮರಸ ದೊರೆ ಸಿಂಹಾಸನಕ್ಕೆ ಸುತ್ತು ಹಾಕುತ್ತಿದ್ದ, ಮಂತ್ರಿಗಳು ಅವನ ಹಿಂದೆ ಓಡುತ್ತಾ ಸಲಹೆ ಕೊಡುತ್ತಿದ್ದರು. ಕ್ಷೌರದವನು ಅರ್ಧ ಗಡ್ಡ ಬೋಳಿಸಿಕೊಂಡವನನ್ನು ಕತ್ತಿ ಹಿಡಿದು ಬೀದಿಬೀದಿ ಹಿಂಬಾಲಿಸುತ್ತಿದ್ದ. ಮದುವೆಯ ಗಂಡುಹೆಣ್ಣು ಸಪ್ತಪದಿಗೆ ಹೆಜ್ಜೆ ಇಟ್ಟವರು ಏಳಕ್ಕೆ ನಿಲ್ಲದೆ ಊರ ಗಡಿ ದಾಟಿಹೋದರು. ನಗುವವರು ನಗಬಹುದು, ಆದರೆ ಬಿತ್ತನೆಯ ಹೊತ್ತು ಮೀರುತ್ತಿತ್ತು. ಹೊಲದಲ್ಲಿ ಒಂದು ಸಾಲಾದರೂ ನೆಟ್ಟಗೆ ಬೀಳಲಿಲ್ಲ.

ಹೊನ್ನಾಜಿಯ ಗಂಡ ಚಿಕ್ಕಬೊಮ್ಮ ಗುಡಾಣ ಮಾಡುವ ಕುಂಬಾರ. ತಾಯಿಗುಡಾಣವನ್ನು ತಟ್ಟಿದವನೂ ಅವನೇ. ಮೊದಲೇ ಉಬ್ಬಸದ ಮನುಷ್ಯ. ಈಗ ಹಗಲೆಲ್ಲ ಮನೆಯ ಸುತ್ತ ನಡೆದ, ರಾತ್ರಿಯೆಲ್ಲ ನಡೆದ. ಅಂಗಾಲು ಒಡೆದು ಅಂಗಳದಲ್ಲಿ ರಕ್ತದ ಗುರುತು ಬಿತ್ತು. ಪಂಡಿತರು ಅವನ ಪಕ್ಕ ನಡೆಯುತ್ತಲೇ ನಾಡಿ ಹಿಡಿದು ನೋಡಿದರು.

"ಅಮಾವಾಸ್ಯೆ ದಾಟೋದು ಕಷ್ಟ ಕಣವ್ವ. ಕೂರದೆ ಇದ್ರೆ ಎದೆ ಒಡೆದೋಗುತ್ತೆ" ಅಂದರು.

ಅಮಾವಾಸ್ಯೆಗೆ ನಾಲ್ಕೇ ದಿನ. ಹೊನ್ನಾಜಿ ಆ ಗಳಿಗೆಯೇ ಕೆಂಪು ಹೆಜ್ಜೆ ಹಿಡಿದು ಹೊರಟಳು. ನಿಲ್ಲಲಾರದ ಕಾಲು ಅದೊಂದು ಕೆಲಸಕ್ಕೆ ಒದಗಿಬಂತು. ಮೂರು ದಿನದ ದಾರಿ ಒಂದೇ ದಿನಕ್ಕೆ ಸವೆಯಿತು.

ಮೂಗಬೆಟ್ಟದ ತುಂಬ ಆಳೆತ್ತರದ ಹುತ್ತಗಳು. ನಡುವೆ ಹುತ್ತಯ್ಯ ಚಕ್ಕಳಮಕ್ಕಳ ಹಾಕಿ ಆರಾಮಾಗಿ ಕೂತಿದ್ದ. ಕೂತ ಮನುಷ್ಯನನ್ನು ಕಂಡು ಎಷ್ಟು ದಿನವಾಗಿತ್ತೋ, ಹೊನ್ನಾಜಿಗೆ ಹೊಟ್ಟೆ ಉರಿಯಿತು.

"ನನ್ನ ಗುಡಾಣ ಕೊಡು" ಅಂದಳು, ಅವನ ಸುತ್ತ ನಡೆಯುತ್ತಾ.

"ಕೆಟ್ಟೋಗೈತೆ ಅಂದೋಳು ನೀನೇ ಅಲ್ವೇನೆ? ಕೂರಲಾರದ ಜನ ಬಿತ್ತಲಾರರು. ಬಿತ್ತದೋರ ನಾಡು ಬರೋ ವರ್ಷಕ್ಕೆ ನಂದು" ಎಂದು ಹುತ್ತಯ್ಯ ನಕ್ಕ. "ಬೇಕಾದ್ರೆ ಇನ್ನೊಂದು ಸಲ ರುಚಿ ನೋಡಿ ಹೇಳು, ಕೆಟ್ಟಿಲ್ಲ ಅಂದ್ರೆ ಗುಡಾಣ ನಿಂದೇ. ಈ ಬೆಟ್ಟದೊಳಕ್ಕೆ ಮೂರು ಬಾಗಿಲು, ಮೂರು ಗುಟುಕು. ಮೂರೂ ಮುಗಿಯೋಕೆ ಮುಂಚೆ ಒಂದು ಮಾತು ಆಡಿದ್ಯೋ, ಈ ಹುತ್ತಗಳ ಜೊತೆ ನೀನೂ ಒಂದು ಹುತ್ತ. ಕಾಲು ನಿಲ್ಲದೋಳು ನಾಲಿಗೆ ನಿಲ್ಲಿಸ್ತೀಯಾ, ನೋಡೇಬಿಡಾನ."

ಮೊದಲ ಬಾಗಿಲಲ್ಲಿ ಹಿತ್ತಾಳೆ ಮೋರೆಯ ಮುಸಿಯ, ಉದ್ದ ಬಾಲದ ಕೋತಿ, ಕೂತಿತ್ತು. ಅದು ತೆಂಗಿನ ಚಿಪ್ಪಿನಲ್ಲಿ ತಾಯಿಗುಡಾಣದ ಹೆಂಡ ಕೊಟ್ಟಿತು. ಹೊನ್ನಾಜಿ ಒಂದು ಗುಟುಕು ಕುಡಿದಳು. ಮತ್ತದೇ ಹುಳಿ, ಕಣ್ಣಲ್ಲಿ ನೀರು ಬಂತು.

"ಇದೇನು ಹೆಂಡವೋ, ತೊಗಲು ಹದ ಮಾಡೋ ನೀರೋ?" ಎಂದು ಮುಸಿಯ ಹಲ್ಲು ಕಿರಿಯಿತು. "ನಿನ್ನ ಅವ್ವನ ಕಾಲದಲ್ಲಿ ಹಿಂಗಿರಲಿಲ್ಲ ಬಿಡು. ಆವಮ್ಮನ ಕೈಗುಣ ನಿನಗೆಲ್ಲಿ ಬರಬೇಕು?"

ಹೊನ್ನಾಜಿಗೆ ಮೈಯೆಲ್ಲ ಉರಿದುಹೋಯಿತು. ತಕ್ಕ ಉತ್ತರ ನಾಲಿಗೆಯ ತುದಿಗೇ ಬಂದಿತ್ತು. ನುಂಗಿಕೊಂಡಳು. ಮೊದಲ ಬಾಗಿಲು ತೆರೆಯಿತು.

ಎರಡನೆಯ ಬಾಗಿಲಲ್ಲಿ ದೊಡ್ಡದೊಂದು ಕರಡಿ. ಅದೂ ಚಿಪ್ಪು ನೀಡಿತು. ಹೊನ್ನಾಜಿ ಎರಡನೆಯ ಗುಟುಕು ಕುಡಿದಳು. ಈ ಸಲ ಹುಳಿ ಹಿಂದೆ ಸರಿದು ಹಣ್ಣು ಮುಂದೆ ಬಂತು. ಮರದಡಿ ಬಿದ್ದು ಬಿಸಿಲಿಗೆ ಬೆಚ್ಚಗಾದ ನೇರಳೆಯ ಸಿಹಿ.

"ಹಣ್ಣು ಅಂದ್ರೆ ಇದು ಕಣಕ್ಕಾ!" ಎಂದು ಕರಡಿ ಚಪ್ಪರಿಸಿತು. "ನಿನ್ನಂಥ ರುಚಿಗಾರತಿ ಏಳು ರಾಜ್ಯದಾಗೂ ಇಲ್ಲ. ಚೆನ್ನಾಗೈತೆ ಅಂತ ಒಂದು ಮಾತು ಅಂದುಬಿಡು, ನಮ್ಮಂಥೋರಿಗೂ ಸಂತೋಷ ಆಗ್ಲಿ."

ಬೈಗುಳ ನುಂಗಿದಷ್ಟು ಸುಲಭವಾಗಿ ಹೊಗಳಿಕೆ ನುಂಗಲಾಗದು. ಹೊನ್ನಾಜಿಯ ಬಾಯಿ ಅರ್ಧ ತೆರೆದೇ ಬಿಟ್ಟಿತ್ತು. ಅಂಗೈಯಿಂದ ಮುಚ್ಚಿಕೊಂಡಳು. ಎರಡನೆಯ ಬಾಗಿಲೂ ತೆರೆಯಿತು.

ಮೂರನೆಯ ಬಾಗಿಲಲ್ಲಿ ಪುಟ್ಟದೊಂದು ಗೊರವಂಕ ಹಕ್ಕಿ, ಅದರ ಮುಂದೆ ತಾಯಿಗುಡಾಣ. ಹೊನ್ನಾಜಿ ಚಿಪ್ಪು ಅದ್ದುವಷ್ಟರಲ್ಲಿ ಗೊರವಂಕ ಚಿಕ್ಕಬೊಮ್ಮನ ದನಿಯಲ್ಲಿ ಕೂಗಿತು.

"ಹೊನ್ನೂ, ಎದೆ ಹಿಡ್ಕೊಂತಾ ಐತೆ ಕಣೆ. ಎಲ್ಲಿದ್ದೀಯೆ? ಒಂದ್ಸಲ ಓ ಅನ್ನೇ, ಸಾಕು."

ಅದು ಮಾಯೆಯೆಂದು ಅವಳಿಗೆ ಗೊತ್ತಿತ್ತು. ಆದರೆ ಅವನು ನಿಜವಾಗಿಯೂ ಈಗ ಹೀಗೇ ಕರೆಯುತ್ತಿದ್ದರೆ? ಸೆರಗನ್ನು ಉಂಡೆ ಮಾಡಿ ಬಾಯಿಗೆ ತುರುಕಿಕೊಂಡಳು. ಗೊರವಂಕ ಕರೆಯಿತು, ಮತ್ತೆ ಕರೆಯಿತು, ಅತ್ತಿತು. ಅದು ಉಸಿರೆಳೆಯಲು ನಿಂತಾಗ ಹೊನ್ನಾಜಿ ಸೆರಗು ಕಿತ್ತು ಮೂರನೆಯ ಗುಟುಕು ಕುಡಿದಳು.

ಹುಳಿ, ಸಿಹಿ, ನೇರಳೆಯ ಒಗರು, ಎಲ್ಲದರ ಹಿಂದೆ ಹುರಿದ ರಾಗಿಯ ಘಮ, ಎಲ್ಲವೂ ಒಟ್ಟಿಗೆ ಬಂದವು. ಅಂಥ ಹೆಂಡವನ್ನು ಅವಳು ಹುಟ್ಟಿದಾಗಿನಿಂದ ಕುಡಿದಿರಲಿಲ್ಲ. ಅದು ಇಂದೂ ಕೆಟ್ಟಿರಲಿಲ್ಲ, ಅಂದೂ ಕೆಟ್ಟಿರಲಿಲ್ಲ.

ಹುತ್ತಯ್ಯ ಎದ್ದು ಬಂದ. ಅವನ ನಗು ಮಾಯವಾಗಿತ್ತು.

"ನೋಡು, ಚೆನ್ನಾಗೈತೆ ಅಂದ್ರೆ ಹಿಂದೆ ಕೊಟ್ಟ ಮಾತು ಹಿಂದಕ್ಕೆ ತಗೊಂಡಂಗೆ. ನಿನ್ನ ನಾಲಿಗೆ ಸತ್ತೋಗುತ್ತೆ. ಊರಿಗೆಲ್ಲ ನಿನ್ನ ತಪ್ಪು ಗೊತ್ತಾಗುತ್ತೆ" ಎಂದು ಮೆಲ್ಲಗೆ ಹೇಳಿದ. "ಕೆಟ್ಟೋಗೈತೆ ಅಂತ ಇನ್ನೊಂದು ಸಲ ಅನ್ನು ಸಾಕು. ನಿನ್ನ ಗಂಡನೊಬ್ಬನ್ನ ಈಗಲೇ ಕೂರಿಸ್ತೀನಿ. ಯಾರಿಗೂ ಏನೂ ಗೊತ್ತಾಗಲ್ಲ."

ಹೊನ್ನಾಜಿಗೆ ಆಸೆಯಾಯಿತು. ಆಗಲಿಲ್ಲ ಅಂದರೆ ಸುಳ್ಳು. ಗುಡಾಣದ ಸುತ್ತ ಒಂದು ಸುತ್ತು ನಡೆದಳು, ಎರಡು ಸುತ್ತು ನಡೆದಳು. ಊರೆಲ್ಲ ನಡೆಯುತ್ತಿರುವಾಗ ಚಿಕ್ಕಬೊಮ್ಮನೊಬ್ಬ ಕೂತರೆ ಯಾರ ಪಕ್ಕ ಕೂರುತ್ತಾನೆ? ಯಾರ ಜೊತೆ ಉಣ್ಣುತ್ತಾನೆ? ಅವನು ತಟ್ಟಿದ ಗುಡಾಣವನ್ನು ಎರಡನೆಯ ಸಲ ಹಳಿಯಲು ಅವಳಿಗೆ ಬಾಯಿ ಬರಲಿಲ್ಲ.

"ಹೆಂಡ ಕೆಟ್ಟಿಲ್ಲ!" ಎಂದು ಬೆಟ್ಟ ಮಾರ್ದನಿ ಕೊಡುವ ಹಾಗೆ ಕೂಗಿದಳು. "ಅವತ್ತೂ ಕೆಟ್ಟಿರ್ಲಿಲ್ಲ. ಒಂದೇ ಗುಟುಕಿಗೆ ಮಾತು ಕೊಟ್ಟೋಳು ನಾನು. ತಪ್ಪು ನಂದು!"

ಗುಡಾಣ ಗುಳುಗುಳು ಎಂದಿತು. ಅದೇ ಕ್ಷಣ ಅವಳ ಕಾಲು ನಿಂತಿತು. ಜನರ ಮೈಯಲ್ಲಿದ್ದ ಉಕ್ಕು ಗುಡಾಣಕ್ಕೆ ಮರಳಿತು, ಮಿಕ್ಕದ್ದೆಲ್ಲ ಹುತ್ತಯ್ಯನ ಮೈಗೇ ಹೊಕ್ಕಿತು. ಅವನು ಗರಗರ ತಿರುಗುತ್ತಾ ಬೆಟ್ಟವಿಳಿದು ಓಡಿದ. ಬೇಸಗೆಯ ಬಯಲಲ್ಲಿ ಇವತ್ತಿಗೂ ತರಗೆಲೆ ಎಬ್ಬಿಸಿಕೊಂಡು ತಿರುಗುವ ಸುಂಟರಗಾಳಿ ಅವನೇ. ಹುತ್ತಗಳು ಒಡೆದು ಮನುಷ್ಯರಾದವು. ಮುಸಿಯ, ಕರಡಿ, ಗೊರವಂಕಗಳೂ ಮನುಷ್ಯರಾದವು. ಕರಡಿಯಾಗಿದ್ದವನು ಗುಡಾಣವನ್ನು ಹೆಗಲಿಗೇರಿಸಿಕೊಂಡ.

ನೇರಳಾವತಿಯಲ್ಲಿ ಎಲ್ಲರೂ ಇದ್ದಲ್ಲೇ ಕೂತುಬಿಟ್ಟಿದ್ದರು. ದೊರೆ ಕೋಟೆಬಾಗಿಲ ಧೂಳಿನಲ್ಲಿ ಕಾಲು ಚಾಚಿ ಕೂತಿದ್ದ. ಹೊನ್ನಾಜಿ ಅವನ ಮುಂದೆ ನಿಂತು ತನ್ನ ತಪ್ಪನ್ನೆಲ್ಲ ಒಪ್ಪಿಕೊಂಡಳು.

"ಹೇಳಿದ್ದು ಒಳ್ಳೇದಾಯ್ತಮ್ಮ" ಅಂದ ದೊರೆ. "ನ್ಯಾಯ ಪಂಚಾಯ್ತಿ ಅಂತ ಈಗ ನನ್ನ ಎಬ್ಬಿಸಬೇಡ. ನೀನು ನಾಲಿಗೆ ಕಳ್ಕೊಂಡಿದ್ದೀಯ, ಅದಕ್ಕಿಂತ ಶಿಕ್ಷೆ ನನ್ನ ಹತ್ರ ಇಲ್ಲ."

ಅದು ನಿಜವೇ ಆಗಿತ್ತು. ದಾರಿಯಲ್ಲಿ ಯಾರೋ ಕೊಟ್ಟ ಬೆಲ್ಲ ಅವಳ ಬಾಯಿಗೆ ಮಣ್ಣಿನಂತಿತ್ತು. ಅಂದಿನಿಂದ ಅವಳ ಅಡಿಗೆಯಲ್ಲಿ ಒಂದು ದಿನ ಉಪ್ಪಿಲ್ಲ, ಒಂದು ದಿನ ಬರೀ ಉಪ್ಪು. ಊರಿನ ಯಾರೂ ಅದನ್ನು ಎತ್ತಿ ಆಡಲಿಲ್ಲ.

ಮನೆಗೆ ಬಂದಾಗ ಚಿಕ್ಕಬೊಮ್ಮ ತಿಗರಿ ಚಕ್ರದ ಪಕ್ಕ ಗೋಡೆಗೊರಗಿ ಕೂತಿದ್ದ. ಉಸಿರು ನೆಟ್ಟಗಾಗಿತ್ತು. ಹೊನ್ನಾಜಿ ಅವನ ಒಡೆದ ಅಂಗಾಲನ್ನು ಮಡಿಲಿಗೆ ಎಳೆದುಕೊಂಡು ಎಣ್ಣೆ ಹಚ್ಚತೊಡಗಿದಳು. ತಲೆ ಎತ್ತಲಿಲ್ಲ.

"ಗುಡಾಣ ಕಳುವಾಗಿದ್ದಲ್ಲ. ನಾನೇ ಕೊಟ್ಟೆ" ಅಂದಳು.

"ಗೊತ್ತು. ಅವತ್ತು ಹಿತ್ತಿಲಲ್ಲಿ ಮಣ್ಣು ತುಳೀತಿದ್ದೆ, ಎಲ್ಲ ಕೇಳಿಸ್ತು."

ಹೊನ್ನಾಜಿಯ ಕೈ ನಿಂತುಹೋಯಿತು. "ಮತ್ತೆ ಇಷ್ಟು ದಿನ ಯಾಕೆ ಒಂದು ಮಾತೂ ಅನ್ನಲಿಲ್ಲ?"

"ನಿನ್ನ ಪಕ್ಕ ಕೂತು ಆಡೋ ಮಾತು ಕಣೆ ಅದು" ಅಂದ ಚಿಕ್ಕಬೊಮ್ಮ. "ಕೂರೋಕೆ ಎಲ್ಲಾಯ್ತು?"

ಹೊನ್ನಾಜಿ ಅಳುತ್ತಾ ನಕ್ಕಳು. ಆ ಸಂಜೆ ಅವರಿಬ್ಬರೂ ಕೂತೇ ಇದ್ದರು, ನೇರಳಾವತಿಯೂ ಕೂತೇ ಇತ್ತು. ಮರುದಿನ ಎಲ್ಲರೂ ಎದ್ದು ಬಿತ್ತನೆಗೆ ಹೋದರು, ಬೆಳೆದರು, ಬಹುಕಾಲ ಸುಖವಾಗಿ ಬಾಳಿದರು.