ಕೆಂಪೇರುವ ಕೆನ್ನೆ

ಚನ್ನವೀರಪ್ಪನವರ ತೋಳಿಗೆ ಅಂಟಿಸಿದ್ದ ನಾಳಮಿತ್ರ ಒಮ್ಮೆ ಮೆಲ್ಲಗೆ ಕಂಪಿಸಿತು. ಹೃದಯಕ್ಕೆ ಶ್ರಮವಾದ ಕೂಡಲೇ ರಕ್ತನಾಳ ಹಿಗ್ಗಿಸುವ ಔಷಧವನ್ನು ತಾನಾಗಿಯೇ ಒಳಕ್ಕೆ ಬಿಡುವ ಪುಟ್ಟ ಪಟ್ಟಿ ಅದು. ಎದೆ ಹಗುರಾಗುತ್ತದೆ, ನಿಜ. ಆದರೆ ಚರ್ಮದ ಕೆಳಗಿನ ಸಣ್ಣ ನಾಳಗಳೂ ಹಿಗ್ಗಿ ಮುಖ ಕೆಂಪಾಗುತ್ತದೆ. ಅದನ್ನು ಕಂಡುಹಿಡಿದ ಡಾಕ್ಟರ್ ಮುಮ್ತಾಜ್ ಈ ಅಡ್ಡಪರಿಣಾಮವನ್ನು ತಲೆಗೆ ಹಚ್ಚಿಕೊಂಡಿರಲಿಲ್ಲ. ಪಾಪ, ಅವರಿಗೆ ಚನ್ನವೀರಪ್ಪನವರ ಹೆಂಡತಿ ದಾಕ್ಷಾಯಣಮ್ಮನ ಪರಿಚಯವಿರಲಿಲ್ಲ!

ಆಗ ಪಕ್ಕದ ಮನೆಯ ಸರ್ವಮಂಗಳ ಒಗ್ಗರಣೆ ಮಂಡಕ್ಕಿ ಹಿಡಿದು ಬಂದಿದ್ದರು. ಆಕೆಯನ್ನು ಕಂಡರೆ ಮೊದಲೇ ಆಗದ ದಾಕ್ಷಾಯಣಮ್ಮ ಮುಖ ಸಿಂಡರಿಸಿಕೊಂಡು ಅಡುಗೆಮನೆಯಿಂದ ಬಂದು ನೋಡುತ್ತಾರೆ, ಗಂಡನ ಕೆನ್ನೆ ಕೆಂಪು! ಮರುದಿನವೂ ಅದೇ. ಹೊಟ್ಟೆಗೆ ಬೆಂಕಿ ಬಿದ್ದಂತಾಯಿತು. ತಮ್ಮೆದುರು ಒಮ್ಮೆಯಾದರೂ ಹೀಗೆ ರಂಗೇರಿತ್ತೇ ಈ ಮುಖ?

"ಅವಳ ಮೇಲೆ ಮನಸ್ಸಿದ್ರೆ ಹೇಳಿಬಿಡ್ರಿ. ಹರಿಹರಕ್ಕೆ ತಮ್ಮನ ಮನೆಗೆ ಹೋಗ್ತೀನಿ, ಮತ್ತೆ ಬರಲ್ಲ."

ಈ ಸಲ ಬ್ಯಾಗೂ ಸಿದ್ಧವಾಗಿತ್ತು. ಚನ್ನವೀರಪ್ಪ ಆಣೆ ಪ್ರಮಾಣ ಮಾಡಿ, ಹೆಂಡತಿಯನ್ನು ಡಾಕ್ಟರ ಬಳಿ ಕರೆತಂದರು. ಮಾನ ಉಳಿಸಿಕೊಳ್ಳಲು ಸರ್ವಮಂಗಳರೂ ಬಂದರು.

"ಔಷಧದಿಂದ ಹಾಗಾಗುತ್ತೆ ಕಣಮ್ಮ," ಎಂದರು ಡಾಕ್ಟರ್.

"ಇವಳು ಬಂದಾಗ ಮಾತ್ರನಾ?"

ಪ್ರಶ್ನೆ ಸರಿಯಾಗಿಯೇ ಇತ್ತು. ಡಾಕ್ಟರ್ ಚನ್ನವೀರಪ್ಪ ಮತ್ತು ಸರ್ವಮಂಗಳರನ್ನು ಒಂದು ಕೋಣೆಯಲ್ಲಿ ಕೂರಿಸಿದರು. ದಾಕ್ಷಾಯಣಮ್ಮ ಹೊರಗಿನಿಂದ ಗಾಜಿಗೆ ಮೂಗು ಒತ್ತಿ ನಿಂತರು. ಒಳಗೆ ಸರ್ವಮಂಗಳ ನಗುತ್ತ ಮಾತಾಡಿದರು. ಚನ್ನವೀರಪ್ಪ ಆಕಳಿಸಿದರು. ಪಟ್ಟಿ ಅಲುಗಲಿಲ್ಲ. ಆ ನಗು ತಡೆಯಲಾಗದೆ ದಾಕ್ಷಾಯಣಮ್ಮ ಬಾಗಿಲು ದೂಡಿಕೊಂಡು ನುಗ್ಗಿದರು. ಪಟ್ಟಿ ಕಂಪಿಸಿತು, ಚನ್ನವೀರಪ್ಪನವರ ಮುಖ ಕಿವಿಯವರೆಗೂ ಕೆಂಪಾಯಿತು.

"ನನ್ನ ನೋಡಿದ್ರೆ ಅಷ್ಟು ಹೆದರಿಕೇನಾ?"

"ಇವರು ಬಂದಾಗ ನೀನು ಮುಖ ಸಿಂಡರಿಸ್ಕೊಂಡು ಬರ್ತೀಯಲ್ಲ, ಆಗೆಲ್ಲ ಇವತ್ತು ಹೊರಟೇಹೋಗ್ತಾಳೆ ಅಂತ ಎದೆ ಡವಗುಟ್ಟುತ್ತೆ ಕಣೇ. ನೀನು ಹೋದ್ರೆ ನನಗೆ ಯಾರಿದ್ದಾರೆ?"

ದಾಕ್ಷಾಯಣಮ್ಮನ ಕಣ್ಣು ತುಂಬಿತು.

"ಮುಖ ಕೆಂಪಾಗದ ಔಷಧ ಬಂದಿದೆ. ಬದಲಾಯಿಸಲಾ?" ಎಂದು ಕೇಳಿದರು ಡಾಕ್ಟರ್.

"ಬೇಡ ಬೇಡ! ಇದೇ ಇರಲಿ ಡಾಕ್ಟ್ರೇ."

ಗಂಡನ ತೋಳು ಹಿಡಿದು, ಸರ್ವಮಂಗಳರ ಎದುರೇ ಬೀಗುತ್ತ ನಡೆದರು.

ಸರ್ವಮಂಗಳ ಮಾತ್ರ ಕುರ್ಚಿ ಬಿಟ್ಟೇಳಲಿಲ್ಲ. ಕೆಂಪು ಕೆನ್ನೆ ಹೋದ ಬಾಗಿಲನ್ನೇ ನೋಡುತ್ತಿದ್ದರು.

"ಆ ಪಟ್ಟಿ ನಮ್ಮ ಯಜಮಾನರಿಗೂ ಒಂದು ಹಾಕಿಕೊಡ್ತೀರಾ?"

"ಯಾಕಮ್ಮ? ಅವರ ಹೃದಯ ಗಟ್ಟಿಯಾಗಿದೆಯಲ್ಲ!"

"ಗಟ್ಟಿಯಾಗೇ ಇದೆ," ಎಂದರು ಸರ್ವಮಂಗಳ. "ಹೋದ ವರ್ಷ ಜಗಳ ಮಾಡ್ಕೊಂಡು ತವರಿಗೆ ಹೋಗಿದ್ದೆ. ನಾನಾಗೇ ವಾಪಸ್ ಬಂದೆ. ಹೋಗಿದ್ದೇ ಅವರಿಗೆ ಗೊತ್ತಾಗಿರಲಿಲ್ಲ."