ದೊಡ್ಡದು ಹೋಗುವ ಶನಿವಾರ

“ದೊಡ್ಡದನ್ನ ಮಗಳ ಮನೆಗೆ ಕಳಿಸಿಬಿಡಿ,” ಅಂದರು ಅಜ್ಜಿ.

ಅಡುಗೆಮನೆಯ ಬಾಗಿಲಾಚೆ ಅಕ್ಕ ಗಕ್ಕನೆ ನಿಂತಳು. ಅವಳ ಒಂದು ಕೈಯಲ್ಲಿ ಗುಂಡನ ಚಡ್ಡಿ ಇತ್ತು, ಇನ್ನೊಂದು ಕೈಯಲ್ಲಿ ಗುಂಡನೇ ಇದ್ದ. ಅವನನ್ನು ಚಡ್ಡಿಯೊಳಗೆ ಸೇರಿಸಲು ಆಗಿನಿಂದ ಹೆಣಗಾಡುತ್ತಿದ್ದವಳು ಈಗ ಅದನ್ನೂ ಮರೆತಳು.

ಒಳಗೆ ಅಪ್ಪನ ದನಿ ಕೇಳಿಸಿತು. “ಹೂಂ ಅಮ್ಮ, ತಂಗಿ ಹತ್ರ ಮಾತಾಡಿದೀನಿ. ಡೇ ಕೇರ್‌ನಲ್ಲಿ ಅಷ್ಟೊಂದು ಮಕ್ಕಳು, ನಂಗೆ ದೊಡ್ಡದೇ ಬೇಕು ಅಂದಳು. ಶನಿವಾರ ನನ್ನ ಹುಟ್ಟುಹಬ್ಬಕ್ಕೆ ಬರ್ತಾಳಲ್ಲ, ಆಗಲೇ...”

ಅಷ್ಟರಲ್ಲಿ ಹಿಂದಿನ ವರಾಂಡದಲ್ಲಿ ಬಟ್ಟೆ ಒಗೆಯುವ ಮೆಷಿನ್ ಗಡಗಡ ಕುಣಿಯತೊಡಗಿತು. ಅವಳಿ ಮಕ್ಕಳಿರುವ ಮನೆ, ಒದ್ದೆ ಬಟ್ಟೆಗೆ ಕೊನೆಯೇ ಇಲ್ಲ. ಅಪ್ಪನ ಉಳಿದ ಮಾತೆಲ್ಲ ಆ ಸದ್ದಿನಲ್ಲಿ ಮುಳುಗಿಹೋಯಿತು. ಸದ್ದು ನಿಂತಾಗ ಅಮ್ಮ ಮಾತಾಡುತ್ತಿದ್ದಳು.

“ನಮಗೆ ಚಿಕ್ಕದು ಸಾಕು. ಇದರ ಗಲಾಟೆ ಕೇಳಿ ಕೇಳಿ ನಂಗೆ ತಲೆ ಚಿಟ್ಟು ಹಿಡಿದಿದೆ. ಜಾಗ ಬೇರೆ ಎಷ್ಟು ಬೇಕು ಇದಕ್ಕೆ.”

ಆ ಮನೆಯಲ್ಲಿ ದೊಡ್ಡದು ಅಂದರೆ ಯಾರು ಅಂತ ಯಾರೂ ಕೇಳಬೇಕಾಗಿಲ್ಲ. “ದೊಡ್ಡದು ಹಾಲು ಕುಡೀತಾ?” “ದೊಡ್ಡದು ಸ್ಕೂಲಿಂದ ಬಂತಾ?” ದಿನಾ ಬೆಳಗಾದರೆ ಇದೇ. ಅಪ್ಪ ಅಮ್ಮ ಅವಳನ್ನು ಕೂಗುವುದು ಅಕ್ಕ ಅಂತ. ಅವಳಿಗೂ ಒಂದು ಚೆಂದದ ಹೆಸರಿದೆ, ಇಲ್ಲವೆಂದಲ್ಲ. ಗುಂಡ ಮತ್ತು ಚಿಣ್ಣಿ ಹುಟ್ಟಿದ ಮೇಲೆ ಅದು ಶಾಲೆಯಲ್ಲಿ ಟೀಚರ್ ಹಾಜರಿ ಕೂಗುವಾಗ ಮಾತ್ರ ಕೇಳಿಸುತ್ತದೆ.

ಗುಂಡ ಚಡ್ಡಿಯಿಲ್ಲದೆ ಹಾಲ್‌ಗೆ ಓಡಿಹೋದ. ಅಕ್ಕ ಅವನನ್ನು ಹಿಡಿಯಲಿಲ್ಲ.

ಅತ್ತೆ ಅಪ್ಪನ ತಂಗಿ. ಬೇರೆ ಊರಲ್ಲಿದ್ದಾಳೆ. ಬಸ್ಸಿನಲ್ಲಿ ಅರ್ಧ ದಿನದ ದಾರಿ. ಕೆಲಸಕ್ಕೆ ಹೋಗುವವರು ಬೆಳಗ್ಗೆ ತಮ್ಮ ಪುಟಾಣಿಗಳನ್ನು ಅವಳ ಮನೆಯಲ್ಲಿ ಬಿಟ್ಟು ಸಂಜೆ ಕರೆದುಕೊಂಡು ಹೋಗುತ್ತಾರೆ. ಅಷ್ಟೂ ಮಕ್ಕಳ ಮೂಗು ಒರೆಸಲು, ತೊಟ್ಟಿಲು ತೂಗಲು ಅತ್ತೆಗೆ ಯಾರಾದರೂ ಬೇಕೇ ಬೇಕು. ಹಾಗಾದರೆ ತನ್ನನ್ನೇ ಕಳಿಸುತ್ತಿದ್ದಾರೆ.

ಆ ವಾರ ಮನೆಯಲ್ಲಿ ಹುಟ್ಟುಹಬ್ಬಗಳ ಸಾಲು. ಸೋಮವಾರ ಅಜ್ಜಿಯದು, ಬುಧವಾರ ಅವಳಿಗಳದು, ಶನಿವಾರ ಅಪ್ಪನದು. ಅಕ್ಕನದು ಮಾತ್ರ ಇನ್ನೂ ಎಷ್ಟೋ ತಿಂಗಳಾಚೆ ಇತ್ತು. ಆ ಹೊತ್ತಿಗೆ ತಾನು ಯಾರ ಮನೆಯಲ್ಲಿರುತ್ತೇನೋ ಅಂದುಕೊಂಡಳು.

ಸೋಮವಾರ ಸಂಜೆ ಅಜ್ಜಿ ಕೇಕ್ ಕತ್ತರಿಸಿದರು. ಎಲ್ಲಕ್ಕಿಂತ ದೊಡ್ಡ ತುಂಡನ್ನು ಅಕ್ಕನ ತಟ್ಟೆಗೆ ಹಾಕಿ, “ತಿನ್ನು ಪುಟ್ಟ, ಹೊಟ್ಟೆ ತುಂಬಾ ತಿನ್ನು,” ಅಂತ ತಲೆ ಸವರಿದರು.

ಅಕ್ಕ ಕೇಕನ್ನೇ ಅನುಮಾನದಿಂದ ನೋಡಿದಳು. ಅಜ್ಜಿ ಯಾವತ್ತೂ ಹೀಗೆ ಕೊಟ್ಟವರಲ್ಲ. ಸಿಹಿ ಜಾಸ್ತಿಯಾದರೆ ಹಲ್ಲು ಹುಳುಕಾಗುತ್ತೆ ಅನ್ನುವವರು ಇವತ್ತು ಇಷ್ಟೊಂದು ಮುದ್ದು ಮಾಡುತ್ತಿದ್ದಾರೆ ಅಂದರೆ ಏನರ್ಥ? ಕಳಿಸಿಕೊಡುವವರಿಗೆ ತಾನೇ ಹೀಗೆಲ್ಲ ಮಾಡುವುದು?

ಮರುದಿನ ಬಿಡುವಿನಲ್ಲಿ ಅವಳು ಬೆಂಚಿನ ಗೆಳತಿಗೆ ಎಲ್ಲ ಹೇಳಿದಳು. ಆ ಗೆಳತಿ ಟೀಚರ್ ಹತ್ತಿರವೂ ವಾದ ಮಾಡುವವಳು. ಅದಕ್ಕೇ ಕ್ಲಾಸಿಗೆಲ್ಲ ಅವಳು ಲಾಯರ್.

“ಕರೆಕ್ಟಾಗಿ ಹೇಳು. ಚಿಕ್ಕದು ಸಾಕು ಅಂದ್ರಾ, ಚಿಕ್ಕವು ಸಾಕು ಅಂದ್ರಾ?” ಲಾಯರ್ ಕೇಳಿದಳು.

“ಚಿಕ್ಕದು.”

“ನಿಮ್ಮನೇಲಿ ಚಿಕ್ಕವು ಎರಡಿದಾವಲ್ಲ. ಪಾಯಿಂಟ್ ಇದೆ ಇಲ್ಲಿ.”

“ಅಮ್ಮನಿಗೆ ಅವೆರಡೂ ಒಂದೇ ಕಣೆ. ಒಂದು ಅತ್ರೆ ಇನ್ನೊಂದೂ ಅಳುತ್ತೆ,” ಅಂದಳು ಅಕ್ಕ. “ಗಲಾಟೆ ಅಂದಳು, ಜಾಗ ಅಂದಳು. ನನ್ನ ಗಂಟಲು ಮೈಕ್ ಥರ ಅಂತ ನಮ್ಮ ಟೀಚರೇ ಹೇಳಿಲ್ವಾ? ನಾನೇ ಅದು.”

ಲಾಯರ್ ತುಂಬ ಹೊತ್ತು ಯೋಚಿಸಿ ತೀರ್ಪು ಕೊಟ್ಟಳು. “ಹಾಗಾದ್ರೆ ಗಲಾಟೆ ಮಾಡಬೇಡ. ಜಾಗ ಕಮ್ಮಿ ತಗೋ. ಮನೆಗೆ ನೀನು ಬೇಕೇ ಬೇಕು ಅನ್ನೋ ಹಾಗೆ ಮಾಡು.”

ಅವತ್ತಿನಿಂದ ಅಕ್ಕ ಬೆಕ್ಕಿನ ಹೆಜ್ಜೆ ಇಟ್ಟಳು. ಬಾಗಿಲನ್ನು ಸದ್ದಾಗದಂತೆ ಮುಚ್ಚಿದಳು. ಸೋಫಾದ ಮೂಲೆಯಲ್ಲಿ ಕಾಲು ಮಡಚಿ, ಮುದುಡಿ ಕುಳಿತಳು. ಹಾಡು ಬಾಯಿಗೆ ಬಂದರೆ ನುಂಗಿದಳು. ಬುಧವಾರ ಅವಳಿಗಳ ಪಾರ್ಟಿಗೆ ಅಕ್ಕಪಕ್ಕದ ಮನೆಗಳ ಮಕ್ಕಳೆಲ್ಲ ಬಂದಾಗ ಅವಳೇ ಬಲೂನ್ ಊದಿದಳು, ಅವಳೇ ಚೆಲ್ಲಿದ ಜ್ಯೂಸ್ ಒರೆಸಿದಳು. ಚಿಣ್ಣಿ ಕೇಕಿಗೆ ಕೈಯಿಡುವ ಮೊದಲೇ ಅವಳನ್ನು ಎತ್ತಿಕೊಂಡಳು. ಗುಂಡ ಇನ್ನೊಂದು ಮಗುವಿನ ಕಿವಿ ಕಚ್ಚಲು ಹೋದಾಗ ಅವನ ಬಾಯಿಗೆ ಬಿಸ್ಕತ್ತು ಇಟ್ಟಳು.

ಪಾರ್ಟಿ ಮುಗಿದ ಮೇಲೆ ಅಮ್ಮ ಅತ್ತೆಗೆ ವಿಡಿಯೋ ಕಾಲ್ ಮಾಡಿದಳು. “ಇವತ್ತು ಎಲ್ಲಾ ನಿಭಾಯಿಸಿದ್ದು ನಮ್ಮ ದೊಡ್ಡದೇ. ನಂಗೆ ಕುತ್ಕೊಂಡು ಟೀ ಕುಡಿಯೋಕೆ ಟೈಮ್ ಸಿಕ್ತು ಅಂದ್ರೆ ನಂಬ್ತೀಯಾ?”

ಫೋನಿನಲ್ಲಿ ಅತ್ತೆಯ ಮುಖ ಅರಳಿತು. “ಅಯ್ಯೋ, ಇಂಥದ್ದೊಂದು ನಂಗೂ ಬೇಕಲ್ಲ ಇಲ್ಲಿ,” ಅಂತ ನಕ್ಕಳು.

ಅಕ್ಕನ ಕೈಯಲ್ಲಿದ್ದ ಬಲೂನ್ ಜಾರಿಹೋಯಿತು. ಉಪಾಯ ಉಲ್ಟಾ ಹೊಡೆದಿತ್ತು.

“ಛೆ, ತಪ್ಪು ನಂದೇ,” ಅಂತ ಗುರುವಾರ ಲಾಯರ್ ಒಪ್ಪಿಕೊಂಡಳು. “ಅತ್ತೆಗೆ ಬೇಕಾಗಿರೋದು ಕೆಲಸಕ್ಕೆ ಬರೋ ಹುಡುಗಿ. ನೀನು ಕೆಲಸಕ್ಕೆ ಬಾರದವಳಾಗು. ಆಗ ಅವರೇ ಬೇಡ ಅಂತಾರೆ.”

ಶುಕ್ರವಾರ ಸಂಜೆ ಅಕ್ಕ ಹಾಗೇ ಮಾಡಿದಳು. ಹಾಲಿನ ಲೋಟ ಬೀಳಿಸಿದಳು. ಗುಂಡನ ಅಂಗಿಯನ್ನು ಚಿಣ್ಣಿಗೂ, ಚಿಣ್ಣಿಯ ಫ್ರಾಕನ್ನು ಗುಂಡನಿಗೂ ತೊಡಿಸಿದಳು. ಚಿಣ್ಣಿ ಪೌಡರ್ ಡಬ್ಬಿಯನ್ನು ತಲೆಯ ಮೇಲೆ ಸುರಿದುಕೊಳ್ಳುತ್ತಿದ್ದರೂ ನೋಡುತ್ತಾ ಕುಳಿತಳು. ಚಿಣ್ಣಿ ಬೆಳ್ಳಗೆ ಅಜ್ಜಿಯ ಹಾಗೆ ಕಂಡಾಗ ನಗು ಬಂತು. ಅದನ್ನೂ ತಡೆದುಕೊಂಡಳು.

ಅಮ್ಮ ಬಂದಳು, ನೋಡಿದಳು. ಈಗ ಬೈಗುಳ ಬೀಳುತ್ತದೆ ಅಂತ ಅಕ್ಕ ಕಾದಳು. ಅಮ್ಮ ಬೈಯಲಿಲ್ಲ. ನೆಲದ ಮೇಲೆ ಕುಳಿತು ಅಕ್ಕನ ಕೆನ್ನೆಗೂ ಹಾರಿ ಅಂಟಿದ್ದ ಪೌಡರ್ ಒರೆಸಿದಳು.

“ಸುಸ್ತಾಗಿಹೋಯ್ತಾ ನಿಂಗೆ? ಈ ವಾರ ಕೆಲಸವೆಲ್ಲ ನಿನ್ನ ತಲೆ ಮೇಲೇ ಬಿತ್ತು. ನಾಳೆಯಿಂದ ಎಲ್ಲಾ ಆರಾಮ, ನೋಡ್ತಿರು.”

ನಾಳೆಯಿಂದ. ಕೇಳಿಯೇಬಿಡೋಣ ಅಂತ ಅಕ್ಕ ಬಾಯಿ ತೆರೆದಳು. ಕೇಳಲು ಇದ್ದದ್ದು ಒಂದೇ ಮಾತು: ನನ್ನನ್ನ ಕಳಿಸಿಬಿಡ್ತೀಯಾ ಅಮ್ಮ? ಅದು ನಾಲಿಗೆಯ ತುದಿಯವರೆಗೆ ಬಂದು ಅಲ್ಲೇ ಕುಳಿತುಬಿಟ್ಟಿತು. ಆ ಕಡೆ ಅಪ್ಪ ಫೋನಿನಲ್ಲಿ ಮೆತ್ತಗೆ ಹೇಳುತ್ತಿದ್ದ: “ವ್ಯಾನಲ್ಲೇ ಬಾ, ಬಸ್ಸಲ್ಲಿ ಆಗಲ್ಲ. ಚಿಕ್ಕವೆರಡು ಮಲಗಿದಾಗಲೇ ಸಾಗಿಸಿಬಿಡೋಣ. ಎದ್ರೆ ಅಡ್ಡ ಬರ್ತಾವೆ.”

ಅಕ್ಕ ತೆರೆದ ಬಾಯಿಯನ್ನು ಮುಚ್ಚಿಕೊಂಡಳು.

ಶನಿವಾರ ಮಧ್ಯಾಹ್ನ ಮನೆ ಮುಂದೆ ವ್ಯಾನ್ ನಿಂತಿತು. ಅತ್ತೆ ಇಳಿದಳು. ಅವಳ ಹಿಂದೆ ಡ್ರೈವರ್ ಹಗ್ಗದ ಸುರುಳಿ ಹಿಡಿದು ಇಳಿದ. ಅಕ್ಕ ಕಿಟಕಿಯಿಂದ ನೋಡುತ್ತಿದ್ದಳು. ಹಗ್ಗ ಬೇರೆ ತಂದಿದ್ದಾರೆ.

ಬಚ್ಚಿಟ್ಟುಕೊಳ್ಳಲು ಆ ಮನೆಯಲ್ಲಿ ಜಾಗವಾದರೂ ಎಲ್ಲಿದೆ? ಮಂಚದ ಕೆಳಗೆ ಆಟದ ಸಾಮಾನು. ಬೀರು ತುಂಬಾ ಬಟ್ಟೆ. ಯಾರೂ ಇಣುಕದ ಜಾಗ ಅಂದರೆ ಹಿಂದಿನ ವರಾಂಡದಲ್ಲಿ ಬಟ್ಟೆ ಮೆಷಿನ್‌ಗೂ ಗೋಡೆಗೂ ನಡುವಿನ ಸಂದಿ. ಅಕ್ಕ ಓಡಿಹೋಗಿ ಅದರೊಳಗೆ ನುಸುಳಿ, ಪೈಪಿನ ಪಕ್ಕದಲ್ಲಿ ಮೊಣಕಾಲಿಗೆ ಗಲ್ಲ ಊರಿ ಕುಳಿತಳು. ಸಂಜೆವರೆಗೂ ಸಿಗದಿದ್ದರೆ ಬೇಸತ್ತು ಹೊರಟುಹೋಗುತ್ತಾರೆ ಅಂದುಕೊಂಡಳು.

ಹೆಜ್ಜೆ ಸದ್ದು ಹತ್ತಿರ ಬಂತು. ಇನ್ನೂ ಹತ್ತಿರ ಬಂತು. ಅವಳು ಉಸಿರು ಬಿಗಿಹಿಡಿದಳು.

“ಮೊದಲು ಪೈಪ್ ಬಿಚ್ಚಬೇಕು ಸಾರ್,” ಅಂತ ಡ್ರೈವರ್ ಮೆಷಿನ್ ಹಿಂದೆ ಬಗ್ಗಿ ನೋಡಿದ. ಅಲ್ಲಿ ಎರಡು ಕಣ್ಣು ಅವನನ್ನೇ ನೋಡುತ್ತಿದ್ದವು. ಅವನು ಎರಡು ಹೆಜ್ಜೆ ಹಿಂದೆ ಸರಿದ.

“ಸಾರ್, ಇದರ ಹಿಂದೆ ಒಂದು ಮಗು ಇದೆ.”

“ಯಾವುದು, ದೊಡ್ಡದಾ ಚಿಕ್ಕದಾ?” ಅಡುಗೆಮನೆಯಿಂದ ಅಜ್ಜಿ ಕೇಳಿದರು.

ಡ್ರೈವರ್‌ಗೆ ಗಲಿಬಿಲಿಯಾಯಿತು. “ನಾವು ತಗೊಂಡು ಹೋಗೋಕೆ ಬಂದಿರೋದು ದೊಡ್ಡದು ತಾನೇ ಅಮ್ಮ?”

“ನಾನು ಹೋಗಲ್ಲ!” ಅಕ್ಕ ಕಿರುಚಿದಳು. ವಾರವಿಡೀ ನುಂಗಿದ್ದ ದನಿಯೆಲ್ಲ ಒಟ್ಟಿಗೆ ಹೊರಬಂತು. “ನಾನು ಅತ್ತೆ ಮನೆಗೆ ಹೋಗಲ್ಲ. ಗಲಾಟೆ ಮಾಡಲ್ಲ, ಜಾಗಾನೂ ಬೇಡ ನಂಗೆ. ಇಲ್ಲೇ, ಈ ಸಂದಿಯಲ್ಲೇ ಇರ್ತೀನಿ.”

ಒಂದು ಕ್ಷಣ ಯಾರಿಗೂ ಏನೂ ಅರ್ಥವಾಗಲಿಲ್ಲ. ಮೊದಲು ಅರ್ಥವಾದದ್ದು ಅತ್ತೆಗೆ. ಅವಳು ಬಾಗಿಲಿಗೆ ಒರಗಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. “ನಿನ್ನನ್ನಲ್ಲ ಕಣೆ, ಮೆಷಿನ್ನು. ಈ ದೊಡ್ಡ ಮೆಷಿನ್ನು ನಂಗೆ, ಚಿಕ್ಕದೊಂದು ಹೊಸದು ನಿಮಗೆ. ವ್ಯಾನಲ್ಲಿದೆ ನೋಡು.” ಅಪ್ಪನೂ ನಕ್ಕ. ಅಜ್ಜಿ ಸೆರಗು ಬಾಯಿಗೆ ಒತ್ತಿಕೊಂಡರು. ಪಾಪ, ಡ್ರೈವರ್ ಕೂಡ ಗೋಡೆ ಕಡೆ ತಿರುಗಿ ನಕ್ಕ.

ಅಮ್ಮ ನಗಲಿಲ್ಲ. ಸಂದಿಯ ಬಾಯಲ್ಲಿ ಮೊಣಕಾಲೂರಿ ಕೈ ಚಾಚಿದಳು. ಅಕ್ಕ ಕೈ ಹಿಡಿಯಲಿಲ್ಲ.

“ಯಾವತ್ತಿಂದ ಹೀಗೆ ಅಂದ್ಕೊಂಡಿದೀಯ?”

“ಭಾನುವಾರದಿಂದ.”

“ಇಡೀ ವಾರ ಇದನ್ನ ಹೊಟ್ಟೇಲಿ ಇಟ್ಕೊಂಡಿದ್ದೆಯಾ? ಬಾಯಿಬಿಟ್ಟು ನನ್ನನ್ನ ಒಂದು ಮಾತು ಕೇಳಬಾರದಿತ್ತಾ?”

“ನೀನು ಹೌದು ಅಂದುಬಿಟ್ಟಿದ್ರೆ?”

ಎಲ್ಲರ ನಗು ನಿಂತಿತು.

“ಈ ವಾರ ಮನೆ ಎಷ್ಟು ಸೈಲೆಂಟಾಗಿದೆ, ನನ್ನ ಮಗಳು ಎಷ್ಟು ಜಾಣೆಯಾದಳು ಅಂತ ಖುಷಿಪಡ್ತಿದ್ದೆ ಕಣೆ,” ಅಂದಳು ಅಮ್ಮ. “ಯಾಕೆ ಹೀಗಾದಳು ಅಂತ ಒಂದು ಸಲನೂ ಯೋಚಿಸಲಿಲ್ಲ.” ಅವಳ ದನಿ ನಡುಗುತ್ತಿತ್ತು. ಅಮ್ಮನಿಗೂ ಹೀಗೆ ಹೆದರಿಕೆಯಾಗುತ್ತದೆ ಅಂತ ಅಕ್ಕನಿಗೆ ಗೊತ್ತಿರಲಿಲ್ಲ. ಅವಳು ಮೆಲ್ಲಗೆ ಹೊರಗೆ ಬಂದು ಅಮ್ಮನ ಕುತ್ತಿಗೆಗೆ ಜೋತುಬಿದ್ದಳು. ಅಮ್ಮ ಅವಳನ್ನು ಎಷ್ಟು ಬಿಗಿಯಾಗಿ ಅಪ್ಪಿದಳೆಂದರೆ ಮೂಗು ಅಮ್ಮನ ಭುಜಕ್ಕೆ ಒತ್ತಿ ನೋವಾಯಿತು. ಅಕ್ಕ ಬಿಡಿಸಿಕೊಳ್ಳಲಿಲ್ಲ.

ದೊಡ್ಡ ಮೆಷಿನ್‌ಗೆ ಹಗ್ಗ ಬಿಗಿದು ವ್ಯಾನಿಗೆ ಹಾಕಿದರು. ಚಿಕ್ಕದು ಅದರ ಜಾಗಕ್ಕೆ ಬಂದು ಕುಳಿತಿತು. ಅಷ್ಟು ಹೊತ್ತಿಗೆ ನಿದ್ದೆಯಿಂದ ಎದ್ದ ಗುಂಡ ತಡವರಿಸುತ್ತಾ ವರಾಂಡಕ್ಕೆ ಬಂದ, ಬಂದವನು ಅಲ್ಲೇ ನಿಂತ. ಗೋಡೆ ನೋಡಿದ. ಹೊಸ ಮೆಷಿನ್ ನೋಡಿದ. ಅತ್ತೆಯನ್ನು ಮೇಲಿಂದ ಕೆಳಗೆ ನೋಡಿದ. ಆಮೇಲೆ ತನ್ನ ಅಂಗಿಯನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡು ತುಟಿ ಹೊರಚಾಚಿದ.

“ಏನಿಲ್ಲ ಬಂಗಾರ, ಏನಿಲ್ಲ,” ಅಂದರು ಅಜ್ಜಿ. “ಏನೂ ಆಗಿಲ್ಲ ಬಾ, ಕೇಕ್ ತಿನ್ನೋಣ,” ಅಂದ ಅಪ್ಪ.

ಗುಂಡನ ಮುಖ ಬಿಗಿದೇ ಇತ್ತು. ಅವನು ಯಾರನ್ನೂ ನಂಬುತ್ತಿಲ್ಲ ಅಂತ ಅಕ್ಕನಿಗೆ ಒಂದೇ ನೋಟಕ್ಕೆ ತಿಳಿಯಿತು. ಅವಳು ಅವನ ಮುಂದೆ ನೆಲದ ಮೇಲೆ ಕುಳಿತು, ಅವನ ಮುಖಕ್ಕೆ ಮುಖ ತಂದಳು.

“ನೋಡು ಗುಂಡ, ದೊಡ್ಡ ಮೆಷಿನ್ ಅತ್ತೆ ಮನೆಗೆ ಹೋಗುತ್ತೆ. ನಾಳೆ ವಾಪಸ್ ಬರಲ್ಲ. ಅದೊಂದೇ ಹೋಗೋದು. ಬೇರೆ ಯಾರೂ ಹೋಗಲ್ಲ.”

ಗುಂಡನಿಗೆ ಮಾತು ಇನ್ನೂ ಸರಿಯಾಗಿ ಬರುವುದಿಲ್ಲ. ಬಾಗಿಲಲ್ಲಿ ಕಣ್ಣುಜ್ಜುತ್ತಾ ನಿಂತಿದ್ದ ಚಿಣ್ಣಿಯ ಕಡೆ ಬೆರಳು ತೋರಿಸಿದ. “ಅದು?”

“ಅದು ಇಲ್ಲೇ ಇರುತ್ತೆ.”

ಬೆರಳು ಅಮ್ಮನ ಕಡೆ ತಿರುಗಿತು. “ಅದು?”

“ಅಮ್ಮನೂ ಇಲ್ಲೇ.”

ಬೆರಳು ಅಕ್ಕನ ಮೂಗಿಗೇ ಬಂದು ತಾಗಿತು. “ಅದು?”

ಅಕ್ಕ ತನ್ನ ಎದೆ ಮೇಲೆ ಕೈಯಿಟ್ಟುಕೊಂಡಳು.

“ಇದೂ ಇಲ್ಲೇ,” ಅಂದಳು.

ಗುಂಡನಿಗೆ ಅಷ್ಟಕ್ಕೇ ಸಮಾಧಾನವಾಗಲಿಲ್ಲ. ಮತ್ತೆ ಚಿಣ್ಣಿಯ ಕಡೆ ಬೆರಳು ತೋರಿಸಿದ. ಅಕ್ಕ ಮತ್ತೆ ಮೊದಲಿಂದ ಹೇಳತೊಡಗಿದಳು.