ಉಳಿದದ್ದು ಒಂದೇ ಪ್ಲಗ್

ಹಿಂದೆ ಬಿಳಿ ಪ್ಯಾಟ್ರೋಲ್ ಜೀಪು. ಅಬುಧಾಬಿಯಿಂದ ನನ್ನ ಬೆನ್ನು ಬಿಟ್ಟಿರಲಿಲ್ಲ.

ಅದನ್ನು ತಪ್ಪಿಸಲೆಂದೇ ಹೈವೇ ಬಿಟ್ಟು ದುಬೈಯ ಅಲ್ ಕೂಜ್ ಗೋದಾಮುಗಳ ನಡುವೆ ನುಗ್ಗಿದ್ದೆ. ಎಡಕ್ಕೆ. ಬಲಕ್ಕೆ. ಮತ್ತೆ ಎಡಕ್ಕೆ... ಆ ತಿರುವಿನಲ್ಲಿ ನನ್ನ ಹಳೆಯ ಕೊರೊಲ್ಲಾದ ಮುಂದಿನ ಚಕ್ರ ಫುಟ್‌ಪಾತಿನ ಅಂಚಿಗೆ ಬಡಿಯಿತು.

ಢಬ್!

"ಎಂತ ಆಯ್ತು?" ಪಕ್ಕದ ಸೀಟಿನಿಂದ ಒಲಿಂಡಾ ಬಾಯಮ್ಮ ಕೇಳಿದರು.

"ಏನಿಲ್ಲ. ಟೈರ್."

"ಏನಿಲ್ಲದ್ದಕ್ಕೆ ಕಾರು ಹೀಗೆ ಕುಂಟುದಾ?"

ನಾನು ರಾಝಿಕ್. ಅಬುಧಾಬಿಯ ಎಲೆಕ್ಟ್ರಾ ಸ್ಟ್ರೀಟಿನಲ್ಲಿ ನನ್ನದೊಂದು ಟೈಪಿಂಗ್ ಸೆಂಟರ್ ಇದೆ. ಅದು ಬೋರ್ಡಿಗೆ ಮಾತ್ರ. ನಿಜವಾದ ಕಸುಬು ಕಳೆದದ್ದನ್ನು ಹುಡುಕುವುದು, ಸಿಕ್ಕಿಬಿದ್ದವರನ್ನು ಬಿಡಿಸುವುದು.

ಈ ಸಲ ಸಿಕ್ಕಿಬಿದ್ದವರು ಒಲಿಂಡಾ ಬಾಯಮ್ಮ. ಟೂರಿಸ್ಟ್ ಕ್ಲಬ್ ಏರಿಯಾದ ಒಂದು ಖಾಸಗಿ ಕ್ಲಿನಿಕ್ಕಿನಲ್ಲಿ ನರ್ಸ್ ಆಗಿದ್ದರು. ರಿಸೈನ್ ಮಾಡಿ, ವೀಸಾ ಕ್ಯಾನ್ಸಲ್ ಆಗಿ, ದುಬೈಯಿಂದ ಮಂಗಳೂರಿಗೆ ಇವತ್ತಿನ ಟಿಕೆಟ್ ಕೈಗೆ ಬಂದಿತ್ತು. ನಾಳೆ ಊರಲ್ಲಿ ಮಗಳು ಡೆಬೊರಾಳ ರೋಸ್. ಮದುವೆಯ ಮುನ್ನಾದಿನ ಹುಡುಗಿಗೆ ತೆಂಗಿನಹಾಲು ಹಚ್ಚುವ ಶಾಸ್ತ್ರ, ಮೊದಲ ಕೈ ಹೆತ್ತವರದ್ದು. ಡೆಬೊರಾಳಿಗೆ ಅಪ್ಪ ಇಲ್ಲ. ಇರುವುದು ಈ ಅಮ್ಮ ಒಬ್ಬರೇ. ಆ ಅಮ್ಮನ ಪಾಸ್‌ಪೋರ್ಟನ್ನು ಕ್ಲಿನಿಕ್ಕಿನ ಮ್ಯಾನೇಜರ್ ಡ್ರಾಯರಿಗೆ ಹಾಕಿ ಬೀಗ ಜಡಿದಿದ್ದ. ಹೊಸಬಳಿಗೆ ಕೆಲಸ ಕಲಿಸಿಕೊಟ್ಟು ಆಮೇಲೆ ಹೋಗಬೇಕಂತೆ!

ಬೆಳಿಗ್ಗೆ, ಮ್ಯಾನೇಜರ್ ಬರುವ ಮೊದಲೇ, ಎಸಿ ರಿಪೇರಿಯವನ ವೇಷದಲ್ಲಿ ಹೋದೆ. ಡ್ರಾಯರನ್ನು ರಿಪೇರಿ ಮಾಡಿ ಬಂದೆ.

ಆದರೆ ಕಂಪನಿಯ ಪಿಆರ್‌ಒ ಡ್ಯಾನಿಯಲ್ ಕಿಟಕಿಯಿಂದ ನೋಡಿಬಿಟ್ಟ. ವೀಸಾ ಕಾಗದ ಹಿಡಿದು ಆಫೀಸಿಂದ ಆಫೀಸಿಗೆ ಓಡುವುದು ಅವನ ಕೆಲಸ. ಇವತ್ತು ಪ್ಯಾಟ್ರೋಲ್ ಹತ್ತಿ ನಮ್ಮ ಹಿಂದೆ ಓಡುತ್ತಿದ್ದ.

ಒಂದು ಟೈರ್ ಅಂಗಡಿಯ ಮುಂದೆ ಕಾರು ನಿಲ್ಲಿಸಿದೆ. ಶಟರ್ ಎಳೆದಿತ್ತು. ಶುಕ್ರವಾರ, ಜುಮಾ ಹೊತ್ತು. ಇಡೀ ಬೀದಿ ಮಸೀದಿಗೆ ಹೋಗಿತ್ತು.

"ನೀವು ನಮಾಜಿಗೆ ಹೋಗುದಿಲ್ವಾ ರಾಝಿಕ್ ಭಾಯ್?"

"ಪ್ರಯಾಣದಲ್ಲಿ ಇರುವವರಿಗೆ ವಿನಾಯಿತಿ ಉಂಟು."

"ಎಲ್ಲಿಯ ಪ್ರಯಾಣ? ಕಾರು ನಿಂತಿದೆಯಲ್ಲ."

ಬಗ್ಗಿ ನೋಡಿದೆ. ಟೈರಿನ ಬದಿ ಹರಿದಿತ್ತು. ನೋಡಿ, ನೆಲಕ್ಕೆ ತಾಗುವ ಭಾಗದಲ್ಲಿ ತೂತಾದರೆ ಹೊರಗಿಂದ ಪ್ಲಗ್ ತುರುಕಬಹುದು, ಒಳಗಿಂದ ಪ್ಯಾಚ್ ಅಂಟಿಸಬಹುದು. ಬದಿಗೆ ಎರಡೂ ಇಲ್ಲ. ಅಲ್ಲಿ ರಬ್ಬರ್ ಬಾಗುತ್ತಲೇ ಇರುತ್ತದೆ, ಏನು ಹಾಕಿದರೂ ನಿಲ್ಲುವುದಿಲ್ಲ. ಖಲಾಸ್. ಸ್ಟೆಪ್ನಿ ಹಾಕಬಹುದಿತ್ತು... ಆದರೆ ಹರಿದದ್ದೇ ಸ್ಟೆಪ್ನಿ.

ಮೊಬೈಲಿನಲ್ಲಿ ಟ್ಯಾಕ್ಸಿ ಆಪ್ ಸುಮ್ಮನೆ ತಿರುಗುತ್ತಿತ್ತು. ಫ್ಲೈಟ್ ನಮಗಾಗಿ ಕಾಯುವುದಿಲ್ಲ.

ಅಷ್ಟರಲ್ಲಿ ಪ್ಯಾಟ್ರೋಲ್ ಬಂತು. ಡ್ಯಾನಿಯಲ್ ಇಳಿದ. ಇಸ್ತ್ರಿ ಹಾಕಿದ ಶರ್ಟು, ಒಳಗೆ ಜಿಮ್ಮಿನ ತೋಳು. ನೇರ ಬಂದವನೇ ನನ್ನ ಕಾಲರ್ ಹಿಡಿದು ಶಟರಿಗೆ ಒತ್ತಿದ.

"ಪಾಸ್‌ಪೋರ್ಟ್ ಕೊಡು."

"ಇಲ್ಲ."

"ಹಲ್ಲು ಉದುರಿಸ್ತೇನೆ."

ಸ್ಸ್ಸ್...

ಇಬ್ಬರೂ ತಿರುಗಿ ನೋಡಿದೆವು. ಪ್ಯಾಟ್ರೋಲಿನ ಹಿಂದಿನ ಟೈರಿನಲ್ಲಿ ಒಂದು ಸ್ಕ್ರೂ ಹೊಳೆಯುತ್ತಿತ್ತು. ಸುತ್ತಲೂ ಅಲ್ಯುಮಿನಿಯಂ ವರ್ಕ್‌ಶಾಪುಗಳು. ಈ ಬೀದಿಯಲ್ಲಿ ಮರಳಿಗಿಂತ ಸ್ಕ್ರೂ ಜಾಸ್ತಿ.

"ಅದನ್ನು ಎಳೀಬೇಡ ಮಾರಾಯ," ಎಂದೆ. "ಅಷ್ಟಾದರೂ ಗಾಳಿ ನಿಂತಿರುದೇ ಅದರಿಂದ."

"ನಿನ್ನ ಮಾತು ನಾನು ಕೇಳಬೇಕಾ?"

ಇಕ್ಕಳ ತಂದು ಎಳೆದೇಬಿಟ್ಟ.

ನಾನು ಹೇಳಿದ್ದು ಅಪ್ಪಟ ನಿಜ. ಶತ್ರುವನ್ನು ಕೆಡಿಸಲು ಅದಕ್ಕಿಂತ ಒಳ್ಳೆಯ ಉಪಾಯ ಇಲ್ಲ. ಪ್ಯಾಟ್ರೋಲ್ ನಿಟ್ಟುಸಿರು ಬಿಟ್ಟು ಕೂತಿತು.

"ಸ್ಟೆಪ್ನಿ ಇಲ್ವಾ?" ಕೇಳಿದೆ.

"ಉಂಟು. ಅದಕ್ಕೆ ಲಾಕ್. ಕೀ ಮ್ಯಾನೇಜರ್ ಹತ್ತಿರ."

ನಾನು ನಗಲಿಲ್ಲ. ಬಹಳ ಕಷ್ಟಪಟ್ಟೆ.

ನನ್ನ ಡಿಕ್ಕಿಯಲ್ಲಿ ಪಂಕ್ಚರ್ ಕಿಟ್ ಇತ್ತು. ಅಂಟಿನ ರಬ್ಬರ್ ಪ್ಲಗ್ ಒಂದೇ ಒಂದು ಉಳಿದಿತ್ತು. ಅದನ್ನು ಎತ್ತಿ ತೋರಿಸಿದೆ.

"ಬಾಯಮ್ಮನನ್ನು ಏರ್‌ಪೋರ್ಟಿಗೆ ಬಿಡ್ತೀಯಾದ್ರೆ ಹಾಕ್ತೇನೆ."

"ಮ್ಯಾನೇಜರ್ ನನ್ನನ್ನು ಕೆಲಸದಿಂದ ತೆಗೀತಾನೆ."

ಆಗ ಒಲಿಂಡಾ ಬಾಯಮ್ಮ ಕಾರಿನಿಂದ ಇಳಿದರು. ಸೀರೆಯ ನೆರಿಗೆ ಸರಿಮಾಡಿಕೊಂಡು ಬಂದು ಅವನೆದುರು ನಿಂತರು.

"ಡ್ಯಾನಿ ಪುತಾ, ನಾಳೆ ರೋಸಿಗೆ ಹಾಡುದು ಯಾರು?"

ಓ, ಇಬ್ಬರದೂ ಒಂದೇ ಊರು! ಅವನು ಇಕ್ಕಳ ಕೆಳಗಿಟ್ಟ.

"ಹೇಳು ಪುತಾ."

"ನನ್ನ ಅಮ್ಮ."

"ಹಾಡು ಶುರುವಾಗುವಾಗ ಮದುಮಗಳ ಅಮ್ಮ ಎಲ್ಲಿ ಅಂತ ಎಲ್ಲರೂ ಕೇಳ್ತಾರೆ. ನಿನ್ನ ಅಮ್ಮ ಎಂತ ಹೇಳಬೇಕು? ನನ್ನ ಮಗ ಹಿಡಿದಿಟ್ಟಿದ್ದಾನೆ ಅಂತ ಹಾಡುದಾ?"

ಅವನ ಮುಖ ನೋಡಿ ನನಗೇ ಪಾಪ ಅನ್ನಿಸಿತು. ಊರಿನ ಪ್ರತಿ ರೋಸಿನಲ್ಲೂ ಹಾಡು ಎತ್ತಿಕೊಡುವ ತಾಯಿ, ಅವರ ಮಗನಿಗೆ ಈ ಗತಿ.

"ಆಂಟಿ... ನಾನೀಗ ಎಂತ ಮಾಡುದು?"

"ಅಲ್ಲಿ ರಟ್ಟು ಬಿದ್ದಿದೆ ನೋಡು. ಆ ಭಾಯ್‌ಗೆ ನೆರಳು ಹಿಡಿ."

ಹಾಗೆ ನನ್ನ ಹಲ್ಲು ಉದುರಿಸಲು ಬಂದವನು ನನ್ನ ತಲೆಯ ಮೇಲೆ ರಟ್ಟು ಹಿಡಿದು ನಿಂತ. ನಾನು ಅರದಂಥ ಚೂಪು ಕಡ್ಡಿಯಿಂದ ತೂತನ್ನು ಉಜ್ಜಿ, ಸೂಜಿಗೆ ಪ್ಲಗ್ ಪೋಣಿಸಿ, ಮೈಭಾರ ಹಾಕಿ ಒತ್ತಿದೆ. ಸೂಜಿ ಹೊರಗೆ ಬಂತು, ಪ್ಲಗ್ ಒಳಗೆ ಉಳಿಯಿತು. ಪಂಪು ಹಚ್ಚಿ ಗಾಳಿ ತುಂಬಿಸಿದೆ. ಎಂಜಲು ಸವರಿ ನೋಡಿದೆ, ಗುಳ್ಳೆ ಬರಲಿಲ್ಲ.

"ಸ್ಪೀಡ್ ಬೇಡ. ನಾಳೆಯೇ ಒಳಗಿಂದ ಪ್ಯಾಚ್ ಹಾಕಿಸು."

"ಆಯ್ತು ಭಾಯ್." ಈ ಸಲ ನಂಬಿದ.

ಕೊರೊಲ್ಲಾವನ್ನು ಅಲ್ಲೇ ಬಿಟ್ಟು ಮೂವರೂ ಪ್ಯಾಟ್ರೋಲ್ ಹತ್ತಿದೆವು. ಏರ್‌ಪೋರ್ಟ್ ಕಾಣುತ್ತಿದ್ದ ಹಾಗೆ ಕಾರಿನ ಸ್ಪೀಕರಿನಲ್ಲಿ ಮ್ಯಾನೇಜರನ ಸ್ವರ ಗುಡುಗಿತು.

"ಸಿಕ್ಕಿದನಾ?"

ಡ್ಯಾನಿಯಲ್ ಕನ್ನಡಿಯಲ್ಲಿ ಬಾಯಮ್ಮನನ್ನು ನೋಡಿದ.

"ಇಲ್ಲ ಸರ್. ಪಂಕ್ಚರ್ ಆಯ್ತು."

ಗೇಟಿನಲ್ಲಿ ಪಾಸ್‌ಪೋರ್ಟ್ ಕೊಟ್ಟೆ. ಬಾಯಮ್ಮ ನನ್ನ ಕೈ ಗಟ್ಟಿಯಾಗಿ ಹಿಡಿದರು. ಆಮೇಲೆ ಡ್ಯಾನಿಯಲ್ ಕಡೆ ತಿರುಗಿದರು.

"ಅಮ್ಮನಿಗೆ ಎಂತಾದರೂ ಕೊಡುದುಂಟಾ?"

ಅವನು ಕಾರಿಗೆ ಓಡಿ ಒಂದು ನೋವಿನ ಬಾಮ್ ಡಬ್ಬಿ ತಂದುಕೊಟ್ಟ. ಕಣ್ಣು ಒರೆಸಿಕೊಂಡದ್ದನ್ನು ನಾನು ನೋಡಿಲ್ಲ ಅಂತ ತಿಳಿದಿದ್ದಾನೆ.

ಮರುದಿನ ಮೊಬೈಲಿಗೆ ಫೋಟೊ ಬಂತು. ಡೆಬೊರಾಳ ತಲೆಯ ಮೇಲೆ ಅಮ್ಮನ ಕೈ, ಕೆನ್ನೆಯ ಮೇಲೆ ತೆಂಗಿನಹಾಲು. ನನಗೆ ಖುಷಿಯಾಯಿತು. ಬಹಳ ಹೊತ್ತು ನೋಡುತ್ತಾ ಕೂತೆ.

ಅಷ್ಟರಲ್ಲಿ ಡ್ಯಾನಿಯಲ್ ಫೋನ್ ಮಾಡಿದ.

"ಭಾಯ್, ಡ್ರಾಯರ್ ಒಡೆದವನನ್ನು ಹುಡುಕಲಿಕ್ಕೆ ಮ್ಯಾನೇಜರ್‌ಗೆ ಒಬ್ಬ ನಂಬಿಕಸ್ತ ಬೇಕಂತೆ. ನಿಮ್ಮ ನಂಬರ್ ಕೊಟ್ಟೆ."

ಕೇಸ್ ಈಗ ನನ್ನ ಕೈಯಲ್ಲಿದೆ. ಬಹಳ ಕಷ್ಟದ ಕೇಸ್... ಇನ್ನೂ ಒಂದೂ ಸುಳಿವು ಸಿಕ್ಕಿಲ್ಲ.